ದ್ವೀಪ ಅಗ್ಗ, ದಾರಿ ದುಬಾರಿ

ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾಕ್ಕೆ ಕಡಿಮೆ ಖರ್ಚಿನಲ್ಲಿ ಹೋಗಿಬರುವುದು ಹೇಗೆ ಎಂದು ಕೇಳಿ ಬೆಂಗಳೂರಿನ ಹಲವು ಓದುಗರು ಪತ್ರ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ನಮ್ಮ ಪ್ರವಾಸ ಬಳಗ ಇಲ್ಲಿ ಉತ್ತರಿಸಿದೆ.

ಭಾರತೀಯರಿಗೆ ಸಮೋವಾದಲ್ಲಿ ಮುಂಗಡ ವೀಸಾ ಬೇಡ ಎಂದು ಕೇಳಿದ್ದೇವೆ. ಹಾಗಾದರೆ ಟಿಕೆಟ್ ತೆಗೆದುಕೊಂಡು ಹೊರಟುಬಿಡಬಹುದೆ? ಅತಿ ಅಗ್ಗದ ಟಿಕೆಟ್ ಬ್ರಿಸ್ಬೇನ್ ಮೇಲೆ ತೋರಿಸುತ್ತಿದೆ.
— ವಿಜಯನಗರದ ದಂಪತಿ

ಸಮೋವಾದ ಮಟ್ಟಿಗೆ ನೀವು ಕೇಳಿದ್ದು ಸರಿ. ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು, ವಾಪಸ್ ಟಿಕೆಟ್ ಇರಬೇಕು, ಉಳಿಯುವ ಜಾಗದ ಬುಕಿಂಗ್ ಕಾಗದ ಇರಬೇಕು. ಇಷ್ಟಿದ್ದರೆ ಅಲ್ಲಿ ಇಳಿದ ಮೇಲೆ ಸಂದರ್ಶಕರ ಪರವಾನಗಿ ಸಿಗುತ್ತದೆ. ಆದರೆ ಬೆಂಗಳೂರಿನಿಂದ ಸಮೋವಾಕ್ಕೆ ನೇರ ವಿಮಾನವಿಲ್ಲ. ತೊಡಕು ಇರುವುದು ನಡುವೆ ಇಳಿದು ಹತ್ತುವ ದೇಶಗಳಲ್ಲಿ.

ಆಸ್ಟ್ರೇಲಿಯಾದ ಮೇಲೆ ಹೋದರೆ, ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ, ಭಾರತೀಯ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಬೇಕೇ ಬೇಕು. ಅದಕ್ಕೆ ಶುಲ್ಕವಿಲ್ಲ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಗರಿಷ್ಠ 72 ಗಂಟೆ ಇರಬಹುದು. ಹೋಗುವಾಗಲೂ ಬರುವಾಗಲೂ ಅದೇ ದಾರಿಯಾದರೆ ಎರಡೂ ಪ್ರಯಾಣಕ್ಕೆ ಆಗುವಂತೆ ಅರ್ಜಿ ತುಂಬಬೇಕು. ಇದನ್ನು ಮರೆತವರು ವಾಪಸ್ ಬರುವಾಗ ಸಿಕ್ಕಿಬೀಳುತ್ತಾರೆ. ನ್ಯೂಜಿಲೆಂಡ್‌ಗೂ ಟ್ರಾನ್ಸಿಟ್ ವೀಸಾ ಬೇಕು, ಅದಕ್ಕೆ ಹಣ ಕಟ್ಟಬೇಕು. ಹೊನೊಲುಲು ದಾರಿಯಂತೂ ಅಮೆರಿಕದ ವೀಸಾ ಇದ್ದವರಿಗೆ ಮಾತ್ರ. ವೀಸಾ ಇಲ್ಲದಿದ್ದರೆ ನಿಮ್ಮನ್ನು ತಡೆಯುವುದು ಬ್ರಿಸ್ಬೇನ್‌ನಲ್ಲಲ್ಲ, ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲೇ. ಟಿಕೆಟ್ ದುಡ್ಡೂ ಹೋಗುತ್ತದೆ.

ಭಾರತೀಯರಿಗೆ ತಲೆನೋವು ಕಡಿಮೆ ಇರುವ ದಾರಿ ಬೆಂಗಳೂರು–ಸಿಂಗಪುರ–ನಾಂಡಿ–ಅಪಿಯಾ. ನಾಂಡಿ ಎಂದರೆ ಫಿಜಿಯ ಮುಖ್ಯ ವಿಮಾನ ನಿಲ್ದಾಣವಿರುವ ಊರು, ಅಪಿಯಾ ಸಮೋವಾದ ರಾಜಧಾನಿ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಹಾರಾಟ, ಅಲ್ಲಿಂದ ಫಿಜಿ ಏರ್‌ವೇಸ್‌ನಲ್ಲಿ ನಾಂಡಿಗೆ ಸುಮಾರು 10 ಗಂಟೆ, ನಾಂಡಿಯಿಂದ ಅಪಿಯಾಕ್ಕೆ 2 ಗಂಟೆಯೊಳಗೆ. ಫಿಜಿಗೂ ಮುಂಗಡ ವೀಸಾ ಬೇಡವಾದ್ದರಿಂದ ನಾಂಡಿಯಲ್ಲಿ ರಾತ್ರಿ ಉಳಿಯಬೇಕಾಗಿ ಬಂದರೂ ತೊಂದರೆಯಿಲ್ಲ. ಹಾಂಗ್‌ಕಾಂಗ್‌ನಿಂದಲೂ ನಾಂಡಿಗೆ ವಿಮಾನವಿದೆ, ದರ ಹೋಲಿಸಿ ನೋಡಿ.

ಈ ದಾರಿಯಲ್ಲೂ ಒಂದು ಗುಂಡಿ ಇದೆ. ದುಡ್ಡು ಉಳಿಸಲೆಂದು ಸಿಂಗಪುರದವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ತೆಗೆದುಕೊಂಡರೆ, ಸಾಮಾನ್ಯವಾಗಿ ಲಗೇಜು ಸಿಂಗಪುರದಲ್ಲೇ ಇಳಿಯುತ್ತದೆ. ಅದನ್ನು ಎತ್ತಿಕೊಳ್ಳಲು ನೀವು ಇಮಿಗ್ರೇಷನ್ ದಾಟಬೇಕು, ದಾಟಲು ಸಿಂಗಪುರದ ವೀಸಾ ಬೇಕು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ 96 ಗಂಟೆಯ ರಿಯಾಯಿತಿ ಇದೆ, ಉಳಿದವರಿಗಿಲ್ಲ. ಆದ್ದರಿಂದ ಬೆಂಗಳೂರಿನಿಂದ ಅಪಿಯಾವರೆಗೆ ಒಂದೇ ಪಿಎನ್‌ಆರ್‌ನ ಟಿಕೆಟ್ ತೆಗೆದುಕೊಳ್ಳಿ. ಕೌಂಟರಿನಲ್ಲಿ ಲಗೇಜಿಗೆ ಹಚ್ಚುವ ಚೀಟಿಯಲ್ಲಿ ಕೊನೆಯ ನಿಲ್ದಾಣದ ಸಂಕೇತ ಎಪಿಡಬ್ಲ್ಯೂ ಎಂದಿದೆಯೇ ಎಂದು ಕಣ್ಣಾರೆ ನೋಡಿ. ನಾಂಡಿಯಲ್ಲಿ ರಾತ್ರಿ ತಂಗುವುದಾದರೆ ಲಗೇಜು ಎಲ್ಲಿ ಸಿಗುತ್ತದೆ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. ಎರಡು ಟಿಕೆಟ್ ಮಾಡಿ ಉಳಿಸಿದ ಹಣ ಮೊದಲ ವಿಮಾನ ತಡವಾದ ದಿನವೇ ಕರಗುತ್ತದೆ: ಎರಡನೆಯ ಕಂಪನಿಗೆ ನಿಮ್ಮ ತಡ ಸಂಬಂಧವಿಲ್ಲದ ವಿಷಯ.

ಹೋಟೆಲ್ ಬುಕ್ ಮಾಡುವಾಗ ತಾರೀಖು ಒಂದು ದಿನ ಹಿಂದೆ ಮುಂದೆ ಆಗುತ್ತಿದೆ. ಏನು ಮಾಡಬೇಕು?
— ಮಲ್ಲೇಶ್ವರದ ಓದುಗರು

ನೀವು ನೋಡುತ್ತಿರುವುದು ಬಹುಶಃ ಅಮೆರಿಕನ್ ಸಮೋವಾದ ಹೋಟೆಲು. ಅದು ಬೇರೆ ಪ್ರದೇಶ, ಅಮೆರಿಕದ ಆಡಳಿತದಲ್ಲಿದೆ, ಪ್ರವೇಶದ ನಿಯಮಗಳೂ ಬೇರೆ. ಸ್ವತಂತ್ರ ಸಮೋವಾ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು ದಿನರೇಖೆಯ (ತಾರೀಖು ಬದಲಾಗುವ ಗೆರೆಯ) ಈಚೆಗೆ ಜಿಗಿಯಿತು. ಪಕ್ಕದ ಅಮೆರಿಕನ್ ಸಮೋವಾ ಆಚೆಯೇ ಉಳಿಯಿತು. ಹಾಗಾಗಿ ಅಷ್ಟು ಹತ್ತಿರದ ಎರಡು ಊರುಗಳ ನಡುವೆ ಪೂರಾ 24 ಗಂಟೆ ಅಂತರ. ಊರಿನ ಹೆಸರು ಪಾಂಗೊ ಪಾಂಗೊ ಎಂದಿದ್ದರೆ ಆ ಪುಟ ಮುಚ್ಚಿ. ನಿಮಗೆ ಬೇಕಾದದ್ದು ಅಪಿಯಾ, ಅಥವಾ ಸಮೋವಾದ ಎರಡು ದೊಡ್ಡ ದ್ವೀಪಗಳಾದ ಉಪೋಲು (ಅಪಿಯಾ ಇರುವುದು ಇಲ್ಲೇ), ಸವಾಯಿ. ಸಮೋವಾದ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ, ಫಿಜಿಯದು ಆರೂವರೆ ಗಂಟೆ ಮುಂದೆ.

ಯಾವ ತಿಂಗಳು? ಮಕ್ಕಳ ರಜೆಗೆ ಹೊಂದಿಸಬೇಕು.
— ಬನಶಂಕರಿ 3ನೇ ಹಂತದ ಓದುಗರು

ಮೇಯಿಂದ ಅಕ್ಟೋಬರ್ ಒಣ ಕಾಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಜೊತೆಗೆ ಚಂಡಮಾರುತದ ಕಾಲ. ಬೇಸಿಗೆ ರಜೆಯಾದರೆ ಮೇ ಎರಡನೆಯ ಅರ್ಧ, ಇಲ್ಲವೇ ದಸರಾ ರಜೆ, ಎರಡೂ ಚೆನ್ನಾಗಿ ಹೊಂದುತ್ತವೆ. ಜುಲೈಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಶಾಲಾ ರಜೆ. ಡಿಸೆಂಬರಿನಲ್ಲಿ ಹೊರದೇಶದಲ್ಲಿರುವ ಸಮೋವನ್ನರೆಲ್ಲ ಕ್ರಿಸ್‌ಮಸ್‌ಗೆ ಊರಿಗೆ ಬರುತ್ತಾರೆ. ಆಗ ವಿಮಾನದ ದರ ಏರುತ್ತದೆ, ಸೀಟೂ ಸಿಗುವುದಿಲ್ಲ.

ತಿಂಗಳಿಗಿಂತ ವಾರ ಮುಖ್ಯ. ಸಿಂಗಪುರ–ನಾಂಡಿ ವಿಮಾನವೂ ನಾಂಡಿ–ಅಪಿಯಾ ವಿಮಾನವೂ ದಿನವೂ ಇರುವುದಿಲ್ಲ. ಮೊದಲು ಆ ಎರಡು ಎಂದೆಂದು ಹೊಂದಿಕೆಯಾಗುತ್ತವೆ ಎಂದು ನೋಡಿ, ಆಮೇಲೆ ಆಫೀಸಿನಲ್ಲಿ ರಜೆ ಕೇಳಿ. ಹೋಗಲು ಬರಲು ತಲಾ ಎರಡು ದಿನ ಹೋಗುತ್ತದೆಂದೇ ಲೆಕ್ಕ ಹಾಕಿ. 10 ದಿನಕ್ಕಿಂತ ಕಡಿಮೆ ರಜೆಯಿದ್ದರೆ ಈ ಪ್ರವಾಸ ಬೇಡ. ಭಾನುವಾರ ಅಪಿಯಾದಲ್ಲಿ ಇಳಿಯುವ ಟಿಕೆಟನ್ನೂ ತಪ್ಪಿಸಿ: ಅಂದು ಬಸ್ಸಿಲ್ಲ, ಬಹುತೇಕ ಅಂಗಡಿ ಮುಚ್ಚಿರುತ್ತವೆ, ನಿಲ್ದಾಣದಿಂದ ಊರಿಗೆ 35 ಕಿಲೋಮೀಟರಿಗೆ ಟ್ಯಾಕ್ಸಿಯೇ ಗತಿ.

ಇಬ್ಬರಿಗೆ 8 ರಾತ್ರಿ. ಅಲ್ಲಿ ಇಳಿದ ಮೇಲೆ ಎಷ್ಟು ಖರ್ಚಾಗುತ್ತದೆ? ರೆಸಾರ್ಟುಗಳ ದರ ನೋಡಿ ಎದೆ ಒಡೆಯಿತು.
— ರಾಜಾಜಿನಗರದ ನಿವೃತ್ತ ಬ್ಯಾಂಕ್ ಉದ್ಯೋಗಿ

ರೆಸಾರ್ಟ್ ಬಿಟ್ಟುಬಿಡಿ. ಸಮೋವಾದಲ್ಲಿ ಕಡಿಮೆ ಖರ್ಚಿನವರು ಉಳಿಯುವುದು ಸಮುದ್ರ ದಂಡೆಯ ಫಾಲೆಗಳಲ್ಲಿ. ಫಾಲೆ ಎಂದರೆ ಎತ್ತರಿಸಿದ ಕಟ್ಟೆ, ಕಂಬ, ಮೇಲೆ ಚಾವಣಿ, ಅಷ್ಟೇ. ಗೋಡೆಯಿಲ್ಲ; ಮಳೆ ಗಾಳಿ ಬಂದಾಗ ಇಳಿಬಿಡಲು ತೆಂಗಿನ ಗರಿಯ ತಟ್ಟಿ ಅಥವಾ ಟಾರ್ಪಾಲ್. ಒಳಗೆ ಹಾಸಿಗೆ, ಸೊಳ್ಳೆಪರದೆ. ಶೌಚಾಲಯ, ಸ್ನಾನ ಎಲ್ಲರಿಗೂ ಸೇರಿದ್ದು. ಬೆಳಗಿನ ತಿಂಡಿ, ರಾತ್ರಿ ಊಟ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ಇದು ನಮ್ಮವರ ಗಮನಕ್ಕೆ ಬರುವುದಿಲ್ಲ: ಪಟ್ಟಣದ ಕೋಣೆ ಅಗ್ಗವೆಂದು ಹಿಡಿದು, ಮೂರು ಹೊತ್ತೂ ಹೊರಗೆ ತಿಂದು, ದಂಡೆಗೆ ಟ್ಯಾಕ್ಸಿ ಮಾಡಿ, ಕೊನೆಗೆ ಫಾಲೆಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ.

ಅಲ್ಲಿನ ನಾಣ್ಯ ತಾಲಾ. 1 ತಾಲಾಕ್ಕೆ ಸುಮಾರು 30 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಊಟ ಸೇರಿ ತಲೆಗೆ ದಿನಕ್ಕೆ 100 ತಾಲಾದಂತೆ, ಇಬ್ಬರಿಗೆ 8 ರಾತ್ರಿಗೆ 1,600 ತಾಲಾ. ಮಧ್ಯಾಹ್ನದ ಊಟ, ನೀರು, ಹಣ್ಣಿಗೆ 400. ಮೂರು ದಿನದ ಬಾಡಿಗೆ ಕಾರು, ಪೆಟ್ರೋಲು ಸೇರಿ 550. ಉಳಿದ ದಿನಗಳ ಬಸ್ಸು, ಟ್ಯಾಕ್ಸಿಗೆ 200. ಉಪೋಲು–ಸವಾಯಿ ನಡುವೆ ಕಾರಿಲ್ಲದೆ ಫೆರ್ರಿಯಲ್ಲಿ ಹೋಗಿಬರಲು ಇಬ್ಬರಿಗೂ 50 ಸಾಕು. ದಂಡೆ, ಜಲಪಾತಗಳ ಪ್ರವೇಶಕ್ಕೆ 150. ಒಟ್ಟು 2,950 ತಾಲಾ, ಅಂದರೆ 90 ಸಾವಿರ ರೂಪಾಯಿಯ ಆಸುಪಾಸು, ಇಬ್ಬರಿಗೂ ಸೇರಿ. ಇದು ಅಂದಾಜು, ಸೀಸನ್ನಿಗೆ ತಕ್ಕಂತೆ ಏರಿಳಿಯುತ್ತದೆ. ವಿಮಾನದ ಟಿಕೆಟ್ ಇದಕ್ಕಿಂತ ಬಹಳ ದೊಡ್ಡ ಮೊತ್ತವಾದ್ದರಿಂದ ಉಳಿತಾಯದ ಕಸರತ್ತನ್ನು ಅಲ್ಲಿ ಮಾಡಿ. ದ್ವೀಪದಲ್ಲಿ ಊಟಕ್ಕೆ ಚೌಕಾಸಿ ಮಾಡುತ್ತ ಕೂರಬೇಡಿ.

ಪ್ರವೇಶದ ಹಣದ ಬಗ್ಗೆ ಒಂದು ಮಾತು. ಅಲ್ಲಿನ ಹೆಚ್ಚಿನ ನೆಲ, ದಂಡೆ, ಗುಹೆ, ಜಲಪಾತ ಹಳ್ಳಿಯ ಕುಟುಂಬಗಳ ಸಾಂಪ್ರದಾಯಿಕ ಒಡೆತನದಲ್ಲಿವೆ. ಕಾರು ನಿಲ್ಲಿಸಿ ಸುಮ್ಮನೆ ಮರಳಿನ ಮೇಲೆ ಕೂತರೂ 5–10 ತಾಲಾ ಕೇಳುತ್ತಾರೆ. ಆಳದ ಈಜುಹೊಂಡವಿರುವ ತೊ ಸುವಾದಂಥ ಹೆಸರುವಾಸಿ ಜಾಗದಲ್ಲಿ 20ಕ್ಕೂ ಮೇಲೆ. ಇದು ಮೋಸವಲ್ಲ. ಸಣ್ಣ ನೋಟುಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. 100ರ ನೋಟು ಕೊಟ್ಟರೆ ಚಿಲ್ಲರೆ ಸಿಗದು.

ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದೆ? ಅಪ್ಪನಿಗೆ ಮಂಡಿನೋವು.
— ಜಯನಗರದ ಓದುಗರು

ತೆರೆದ ಫಾಲೆಯಲ್ಲಿ ಹಾಸಿಗೆ ಬಹುಪಾಲು ನೆಲಮಟ್ಟದಲ್ಲಿರುತ್ತದೆ, ರಾತ್ರಿ ಶೌಚಾಲಯಕ್ಕೆ ಮರಳಿನಲ್ಲಿ ನಡೆಯಬೇಕು. ಮಂಚ, ಒಳಗೇ ಶೌಚಾಲಯ ಇರುವ ಗೋಡೆಯ ಫಾಲೆ ಕೇಳಿ. ಬಾಡಿಗೆ ಹೆಚ್ಚು, ಆದರೂ ಅದೇ ಸರಿ. ತೊ ಸುವಾ ಹೊಂಡಕ್ಕೆ ಇಳಿಯುವುದು ಉದ್ದನೆಯ ಕಡಿದಾದ ಏಣಿಯಲ್ಲಿ. ಅವರು ಮೇಲಿನಿಂದಲೇ ನೋಡಲಿ.

ಬಸ್ಸಿನಲ್ಲೇ ಸುತ್ತಬಹುದೆ, ಕಾರು ಬೇಕೇ ಬೇಕೆ?
— ಹೆಬ್ಬಾಳದ ಇಬ್ಬರು ಗೆಳೆಯರು

ಬಸ್ಸು ಅಗ್ಗ, ಮಜವೂ ಹೌದು. ಮರದ ಬಾಡಿ, ಬಣ್ಣಬಣ್ಣದ ಚಿತ್ರ, ಕಿವಿಗಡಚಿಕ್ಕುವ ಹಾಡು. ಸೀಟು ತುಂಬಿದರೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂರುವುದು ಅಲ್ಲಿ ಸಹಜ, ಕಸಿವಿಸಿ ಬೇಡ. ವೇಳಾಪಟ್ಟಿ ಇರುವುದಿಲ್ಲ. ಅಪಿಯಾದ ಮಾರುಕಟ್ಟೆಯ ಬಳಿಯಿಂದ ಹೊರಡುತ್ತವೆ, ದೂರದ ಹಳ್ಳಿಗಳಿಗೆ ಕೊನೆಯ ಬಸ್ಸು ಮಧ್ಯಾಹ್ನವೇ ಹೋಗಿಬಿಡಬಹುದು. ಹಳ್ಳಿಯಿಂದ ಅಪಿಯಾಕ್ಕೆ ಬರುವ ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ, ಏಕೆಂದರೆ ಅವು ಇರುವುದು ಹಳ್ಳಿಯವರು ಪೇಟೆಗೆ ಬಂದುಹೋಗಲು, ಪ್ರವಾಸಿಗರಿಗಾಗಿ ಅಲ್ಲ. ಹೀಗಾಗಿ ಬೆಳಿಗ್ಗೆ ಅಪಿಯಾದಿಂದ ಹೋಗಿ ಸಂಜೆ ವಾಪಸ್ ಬರುವ ಯೋಜನೆ ಬಸ್ಸಿನಲ್ಲಿ ನಡೆಯುವುದಿಲ್ಲ. ಒಂದು ಕಡೆ ಹೋಗಿ ಎರಡು ಮೂರು ರಾತ್ರಿ ತಂಗುವುದಕ್ಕೆ ಬಸ್ಸು ಸಾಕು: ಉಪೋಲುವಿನ ಆಗ್ನೇಯ ತುದಿಯ ಲಾಲೊಮಾನು ದಂಡೆಗೆ ಹೀಗೇ ಹೋಗಿ.

ಕಾರಿಗೆ ಖರ್ಚು ಮಾಡುವುದಾದರೆ ಸವಾಯಿಯಲ್ಲಿ ಮಾಡಿ. ಉಪೋಲುವಿನ ಮುಲಿಫನುವಾದಿಂದ ಸವಾಯಿಯ ಸಲೆಲೊಲೊಂಗಾಕ್ಕೆ ಫೆರ್ರಿ ಒಂದು, ಒಂದೂವರೆ ಗಂಟೆ. ಕಾರನ್ನು ಫೆರ್ರಿಗೆ ಹತ್ತಿಸಲು ಮುಂಗಡ ಬುಕಿಂಗ್ ಬೇಕು, ದರವೂ ಹೆಚ್ಚು. ಹಾಗಾಗಿ ನೀವು ಮಾತ್ರ ದಾಟಿ, ಸವಾಯಿಯಲ್ಲೇ ಕಾರು ಹಿಡಿಯುವುದು ಅಗ್ಗ. ಜಾಗಗಳು ದೂರದೂರ, ಬಸ್ಸು ವಿರಳ. 1905ರಿಂದ 1911ರವರೆಗೆ ಉಕ್ಕಿದ ಮಟವಾನು ಜ್ವಾಲಾಮುಖಿಯ ಲಾವಾ ಹಳ್ಳಿಯನ್ನೂ ಚರ್ಚನ್ನೂ ನುಂಗಿದ ಸಲೆಅವುಲಾ, ತಂಗಾದ ಬಳಿ ಬಂಡೆಯ ರಂಧ್ರದಿಂದ ಸಮುದ್ರ ಮೇಲಕ್ಕೆ ಚಿಮ್ಮುವ ಅಲೋಫಾಂಗಾ, ಎರಡನ್ನೂ ಕಾರಿದ್ದರೆ ನಿಧಾನವಾಗಿ ನೋಡಬಹುದು. ಅಲೋಫಾಂಗಾದಲ್ಲಿ ಊರವರು ರಂಧ್ರಕ್ಕೆ ತೆಂಗಿನಕಾಯಿ ಎಸೆದು ಹಾರಿಸಿ ತೋರಿಸುತ್ತಾರೆ. ಆ ಕೆಲಸ ಅವರಿಗೇ ಬಿಡಿ. ಒದ್ದೆ ಬಂಡೆ ವಿಪರೀತ ಜಾರುತ್ತದೆ.

2009ರ ಸೆಪ್ಟೆಂಬರ್ 7ರಂದು ಸಮೋವಾ ಬಲಬದಿ ಬಿಟ್ಟು ಎಡಬದಿ ಸಂಚಾರಕ್ಕೆ ಬದಲಾಯಿತು. ಇದು ನಮಗೆ ಅನುಕೂಲ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಲೈಸೆನ್ಸನ್ನೂ ಒಯ್ಯಿರಿ. ಅಲ್ಲಿ ಒಂದು ತಾತ್ಕಾಲಿಕ ಪರವಾನಗಿಯನ್ನೂ ಮಾಡಿಸಬೇಕಾಗುತ್ತದೆ, ಕಾರು ಕೊಡುವವರೇ ಹೇಳುತ್ತಾರೆ. ಹಳ್ಳಿಗಳೊಳಗೆ ವೇಗದ ಮಿತಿ ಗಂಟೆಗೆ 40 ಕಿಲೋಮೀಟರು, ಹೊರಗೆ 56. ಬೆಂಗಳೂರಿನಲ್ಲಿ ಓಡಿಸಿ ಬಂದವರಿಗೆ 40 ಎಂದರೆ ಶರವೇಗವೇ. ರಾತ್ರಿ ಮಾತ್ರ ಓಡಿಸಬೇಡಿ: ದೀಪವಿಲ್ಲದ ರಸ್ತೆಯಲ್ಲಿ ನಾಯಿ, ಹಂದಿ, ಮನುಷ್ಯರು ಎಲ್ಲರೂ ಇರುತ್ತಾರೆ.

ನಾವು ಶುದ್ಧ ಸಸ್ಯಾಹಾರಿಗಳು. ಚಟ್ನಿಪುಡಿ, ತುಪ್ಪ, ಅವಲಕ್ಕಿ, ಕರಿಬೇವು ಒಯ್ಯಬಹುದೆ? ಅಲ್ಲಿ ಏನು ಸಿಗುತ್ತದೆ?
— ಬಸವನಗುಡಿಯ ಗೃಹಿಣಿ

ಹಸಿ ಕರಿಬೇವು, ಹಣ್ಣು, ತೆಂಗಿನಕಾಯಿ, ಮೊಳಕೆ ಬರುವ ಯಾವುದೇ ಕಾಳು ಬೀಜವನ್ನು ಮನೆಯಲ್ಲೇ ಬಿಡಿ. ಬೇರೆಡೆಯಿಂದ ಬರುವ ಒಂದು ಕೀಟ ಇಂಥ ದ್ವೀಪದ ಇಡೀ ಬೆಳೆಯನ್ನೇ ಹಾಳುಮಾಡಬಲ್ಲದು, ಅದಕ್ಕೇ ತಪಾಸಣೆ ಕಠಿಣ. ತುಪ್ಪ, ಪೇಡ, ಜೇನುತುಪ್ಪವೂ ತೊಂದರೆಯ ಪಟ್ಟಿಯಲ್ಲೇ ಇವೆ. ಮನೆಯಲ್ಲಿ ಕುಟ್ಟಿದ ಚಟ್ನಿಪುಡಿ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದರೆ ಅದೇನೆಂದು ಅಧಿಕಾರಿಗೆ ತಿಳಿಯುವುದೇ ಇಲ್ಲ. ಅಂಗಡಿಯ ಸೀಲು ಒಡೆಯದ, ಒಳಗೇನಿದೆಯೆಂದು ಇಂಗ್ಲಿಷಿನಲ್ಲಿ ಅಚ್ಚಾದ ಪೊಟ್ಟಣಗಳನ್ನೇ ಒಯ್ಯಿರಿ. ಎಲ್ಲವನ್ನೂ ಒಂದೇ ಚೀಲದಲ್ಲಿ ಮೇಲೆಯೇ ಇಡಿ. ಆಗಮನ ಪತ್ರದಲ್ಲಿ ಆಹಾರ ಇದೆಯೇ ಎಂಬ ಕಡೆ ಹೌದು ಎಂದೇ ಬರೆಯಿರಿ. ಹೇಳಿ ತೋರಿಸಿದ್ದನ್ನು ಬೇಡವೆಂದರೆ ಎಸೆಯುತ್ತಾರೆ, ಅಷ್ಟೇ. ಹೇಳದೆ ಸಿಕ್ಕಿಬಿದ್ದರೆ ದಂಡ. ನಾಂಡಿಯಲ್ಲಿ ಹೊರಗೆ ಬರುವುದಾದರೆ ಫಿಜಿಯಲ್ಲೂ ಇದೇ ತಪಾಸಣೆ, ಅಂದರೆ ಎರಡು ಸಲ.

ಸಿಗುವ ತರಕಾರಿ ನಮಗೆ ಹೊಸದೇನಲ್ಲ: ಕೆಸುವಿನ ಗೆಡ್ಡೆ, ಜೀಗುಜ್ಜೆ, ಬಾಳೆಕಾಯಿ, ತೆಂಗು, ಪಪ್ಪಾಯಿ. ಪಲುಸಾಮಿ ಎಂಬ ತಿನಿಸು ಎಳೆ ಕೆಸುವಿನ ಎಲೆಯಲ್ಲಿ ತೆಂಗಿನ ಗಟ್ಟಿ ಹಾಲು, ಈರುಳ್ಳಿ ಸುತ್ತಿ ಕಾದ ಕಲ್ಲಿನ ಒಲೆಯಲ್ಲಿ ಬೇಯಿಸಿದ್ದು. ಪತ್ರೊಡೆ ತಿನ್ನುವವರು ಖಂಡಿತ ಮೆಚ್ಚುತ್ತಾರೆ. ಆದರೆ ಕೆಲವು ಕಡೆ ಅದರೊಳಗೆ ಡಬ್ಬಿಯ ದನದ ಮಾಂಸ ಸೇರಿಸುತ್ತಾರೆ, ಪ್ರತಿ ಸಲವೂ ಕೇಳಿ ತಿನ್ನಿ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಮೀನು, ಕೋಳಿ ನಡೆಯುತ್ತದೆ ಎಂದು ತಿಳಿಯಬಹುದು. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ಒಂದೊಂದಾಗಿ ಬರೆದು ಬುಕಿಂಗ್ ಮಾಡುವಾಗಲೇ ಕಳಿಸಿ, ತಲುಪಿದ ದಿನ ಅಡುಗೆಯವರಿಗೇ ಮತ್ತೊಮ್ಮೆ ಹೇಳಿ. ಫಾಲೆಯ ಊಟ ಎಲ್ಲರಿಗೂ ಒಂದೇ ಅಡುಗೆ, ಕೊನೇ ಗಳಿಗೆಯಲ್ಲಿ ಹೇಳಿದರೆ ನಿಮ್ಮ ತಟ್ಟೆಗೆ ಬರುವುದು ಬಿಳಿ ಅನ್ನ, ಬೇಯಿಸಿದ ಗೆಡ್ಡೆ. ನಿಮ್ಮ ಚಟ್ನಿಪುಡಿ ಆಗ ಕೆಲಸಕ್ಕೆ ಬರುತ್ತದೆ. ರೈಸ್ ಕುಕ್ಕರ್ ಹೊರಬೇಡಿ, ತೆರೆದ ಫಾಲೆಯಲ್ಲಿ ಪ್ಲಗ್ ಪಾಯಿಂಟೇ ಇಲ್ಲದಿರಬಹುದು. ಫೋನ್ ಚಾರ್ಜರಿಗೂ ಆಸ್ಟ್ರೇಲಿಯಾ ಮಾದರಿಯ, ಓರೆ ಪಿನ್ನಿನ ಅಡಾಪ್ಟರ್ ಬೇಕು. ವೋಲ್ಟೇಜು ನಮ್ಮದೇ, 230.

ಹಣ ಹೇಗೆ ಒಯ್ಯುವುದು? ಎಂ.ಜಿ. ರಸ್ತೆಯ ಮನಿ ಚೇಂಜರ್‌ನಲ್ಲಿ ತಾಲಾ ಎಂದರೆ ನಕ್ಕರು.
— ಹಲಸೂರಿನ ಓದುಗರು

ನಕ್ಕದ್ದು ಸಹಜ. ಅಮೆರಿಕ ಅಥವಾ ಆಸ್ಟ್ರೇಲಿಯಾ ಡಾಲರಿನ ಹೊಸ, ಗೀಚಿಲ್ಲದ ನೋಟು ಒಯ್ದು ಅಪಿಯಾದಲ್ಲಿ ಬದಲಿಸಿಕೊಳ್ಳಿ. ಎಟಿಎಂಗಳು ಅಪಿಯಾದಲ್ಲೂ ಸಲೆಲೊಲೊಂಗಾದಲ್ಲೂ ಇವೆ. ದಕ್ಷಿಣ ದಂಡೆಗೆ ಹೊರಡುವ ಮುನ್ನವೇ ಸಾಕಷ್ಟು ತೆಗೆದಿಟ್ಟುಕೊಳ್ಳಿ. ಯಂತ್ರವೋ ಅಂಗಡಿಯವರೋ ರೂಪಾಯಿಯಲ್ಲಿ ಕಡಿತಗೊಳಿಸಲೇ ಎಂದು ಕೇಳಿದರೆ ಬೇಡ, ತಾಲಾದಲ್ಲೇ ಎನ್ನಿ. ರೂಪಾಯಿ ಆರಿಸಿದರೆ ಅವರಿಗೆ ಬೇಕಾದ ದರ ಹಾಕುತ್ತಾರೆ. ಕಾರ್ಡಿನಲ್ಲಿ ವಿದೇಶ ಬಳಕೆಯನ್ನು ಬೆಂಗಳೂರಿನಲ್ಲೇ ಆ್ಯಪ್ ಮೂಲಕ ಚಾಲೂ ಮಾಡಿ. ನಿಮ್ಮ ಸಿಮ್‌ನ ರೋಮಿಂಗ್ ಪಟ್ಟಿಯಲ್ಲಿ ಸಮೋವಾ ಇದೆಯೇ ನೋಡಿ. ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ಆನ್‌ಲೈನ್ ಪಾವತಿಗಳನ್ನೆಲ್ಲ ಹೊರಡುವ ಮೊದಲೇ ಮುಗಿಸಬೇಕಾಗುತ್ತದೆ. ಉಳಿದ ತಾಲಾವನ್ನು ಬೆಂಗಳೂರಿನಲ್ಲಿ ಯಾರೂ ಕೊಳ್ಳುವುದಿಲ್ಲ, ಅಲ್ಲೇ ಬದಲಿಸಿ ಬನ್ನಿ.

ಟೂರ್ ಏಜೆನ್ಸಿಯಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಏಜೆನ್ಸಿಯೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಕಟ್ಟಬೇಕಾಗುತ್ತದೆ. ಅದು ನಷ್ಟವಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಅಲ್ಲಿಯವರೆಗೆ ಅಷ್ಟು ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ ಎಂಬುದನ್ನು ಮಾತ್ರ ಬಜೆಟ್ಟಿನಲ್ಲಿ ಸೇರಿಸಿ.

ಹಳ್ಳಿಗಳಲ್ಲಿ ಸಂಜೆ ಕರ್ಫ್ಯೂ ಇರುತ್ತದಂತೆ, ನಿಜವೆ?
— ಯಲಹಂಕದ ಕಾಲೇಜು ವಿದ್ಯಾರ್ಥಿನಿ

ಅದು ಪ್ರಾರ್ಥನೆಯ ಹೊತ್ತು, 'ಸಾ' ಎನ್ನುತ್ತಾರೆ. ಸಂಜೆ 6–7ರ ನಡುವೆ ಶಂಖವೋ ಗಂಟೆಯೋ ಕೇಳಿದರೆ ಹಳ್ಳಿಯೊಳಗೆ ಓಡಾಡಬೇಡಿ, ಇದ್ದಲ್ಲೇ ಕೂತಿರಿ. ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಈಜುಡುಗೆ ದಂಡೆಗೆ ಮಾತ್ರ. ಊರೊಳಗೆ ಹೋಗುವಾಗ ಲುಂಗಿಯ ಹಾಗೆ ಸುತ್ತುವ ಲಾವಲಾವಾ ಉಟ್ಟರೆ ಸಾಕು. ಭಾನುವಾರ ಈಜಬಹುದೇ ಎಂದು ಫಾಲೆಯವರನ್ನು ಕೇಳಿ, ಕೆಲವು ಹಳ್ಳಿಗಳಲ್ಲಿ ಒಪ್ಪುವುದಿಲ್ಲ.

ಆರೋಗ್ಯ, ವಿಮೆ?
— ಕೆಂಗೇರಿಯ ಓದುಗರು

ಮಲೇರಿಯಾ ಇಲ್ಲ. ಡೆಂಗ್ಯೂ ಇದೆ, ಅದರ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಪರದೆ ರಾತ್ರಿಗೆ ಮಾತ್ರ ಆದೀತು, ಹಗಲಿಗೆ ಮುಲಾಮು ಬೇಕು. 2019ರಲ್ಲಿ ದಡಾರ ಅಲ್ಲಿ 83 ಜನರನ್ನು ಬಲಿ ತೆಗೆದುಕೊಂಡಿತು, ಸತ್ತವರಲ್ಲಿ ಹೆಚ್ಚಿನವರು ಎಳೆ ಮಕ್ಕಳು. ನಿಮ್ಮ ಮಕ್ಕಳ ದಡಾರ ಲಸಿಕೆ ಪೂರ್ಣವಾಗಿರಲಿ. ಹವಳದ ಗೀರುಗಾಯ ಬೇಗ ಕೀವಾಗುತ್ತದೆ: ರಬ್ಬರ್ ಅಟ್ಟೆಯ ಬೂಟು ಹಾಕಿಯೇ ನೀರಿಗಿಳಿಯಿರಿ, ಗೀರಾದರೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಅಯೋಡಿನ್ ಹಚ್ಚಿ. ಹವಳದ ದಿಬ್ಬ ಬಾಯ್ತೆರೆದಿರುವ ಕಡೆ ನೀರು ರಭಸದಿಂದ ಹೊರಕ್ಕೆಳೆಯುತ್ತದೆ. ಆ ಜಾಗ ಎಲ್ಲಿದೆ ಎಂದು ಊರವರಿಗೇ ಗೊತ್ತಿರುತ್ತದೆ, ಕೇಳದೆ ಈಜಬೇಡಿ. ವಿಮೆಯಲ್ಲಿ ನೋಡಬೇಕಾದದ್ದು ಆಸ್ಪತ್ರೆ ಖರ್ಚಿಗಿಂತ ಹೆಚ್ಚಾಗಿ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು, ಏಕೆಂದರೆ ಗಂಭೀರ ಪ್ರಕರಣಗಳನ್ನು ನ್ಯೂಜಿಲೆಂಡಿಗೆ ಕಳಿಸುವುದುಂಟು. ಆ ಸಾಲು ಇಲ್ಲದ ಪಾಲಿಸಿ ಎಷ್ಟು ಅಗ್ಗವಾದರೂ ಬೇಡ.

ಇಷ್ಟೆಲ್ಲ ರಗಳೆಯಾದರೆ ಫಿಜಿಯಲ್ಲೇ ನಿಂತುಬಿಟ್ಟರೆ ಹೇಗೆ?
— ನಾಗರಭಾವಿಯ ಓದುಗರು

ಚಿಕ್ಕ ಮಕ್ಕಳಿದ್ದರೆ, ಮೊದಲ ಸಲ ಆ ಕಡೆ ಹೋಗುವುದಾದರೆ, ನಮ್ಮ ಸಲಹೆಯೂ ಅದೇ. ಒಂದು ವಿಮಾನ ಉಳಿಯುತ್ತದೆ. 1879ರಿಂದ 1916ರವರೆಗೆ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಒಯ್ದ ಭಾರತೀಯರ ಸಂತತಿ ಅಲ್ಲಿ ದೊಡ್ಡ ಸಂಖ್ಯೆಯಲ್ಲಿರುವುದರಿಂದ ರೊಟ್ಟಿ, ದಾಲ್, ಪಲ್ಯ ಪೇಟೆಯಲ್ಲೇ ಸಿಗುತ್ತದೆ. ನಾಂಡಿಯಲ್ಲಿ ಸುಬ್ರಹ್ಮಣ್ಯನ ದೇವಾಲಯವೂ ಇದೆ. ನಾಂಡಿಯಿಂದ ರಾಜಧಾನಿ ಸುವಾಕ್ಕೆ ದಕ್ಷಿಣ ಕರಾವಳಿಯ ಮೇಲೆ ಬಸ್ಸು ನಾಲ್ಕು ಗಂಟೆ ಚಿಲ್ಲರೆ. ದಾರಿಯಲ್ಲಿ ಸಿಂಗಟೋಕಾದ ಮರಳು ದಿಬ್ಬಗಳಲ್ಲಿ ಇಳಿಯಬಹುದು. ಸಿಟಿ ಬಸ್ಸಿಗೆ ಕಾರ್ಡ್ ಇಟ್ಟುಕೊಳ್ಳಿ.

ಹಣ ಸೋರುವುದು ಯಸಾವಾ ದ್ವೀಪಗಳಲ್ಲಿ. ನಾಂಡಿ ಬಳಿಯ ಡೆನರಾವು ಬಂದರಿನಿಂದ ಬೆಳಿಗ್ಗೆ ಹೊರಡುವ ದೋಣಿಯ ಟಿಕೆಟ್ಟಿನ ಜೊತೆಗೆ, ಅಲ್ಲಿನ ಅಗ್ಗದ ಹಾಸ್ಟೆಲುಗಳೂ ಊಟದ ಹಣವನ್ನು ಕಡ್ಡಾಯವಾಗಿ ಬೇರೆ ಹಾಕುತ್ತವೆ, ಹೊರಗೆ ತಿನ್ನಲು ಅಂಗಡಿಯೂ ಇರುವುದಿಲ್ಲ. ಕೋಣೆಯ ದರ ನೋಡಿ ಹಿಗ್ಗುವ ಮೊದಲು ಊಟ ಸೇರಿ ದಿನಕ್ಕೆ ಎಷ್ಟೆಂದು ಬರೆದು ಕೇಳಿ. ಎಟಿಎಂ ಅಲ್ಲಿಲ್ಲ, ಸಾಕಷ್ಟು ಫಿಜಿ ಡಾಲರ್ ನಾಂಡಿಯಲ್ಲೇ ತೆಗೆದುಕೊಳ್ಳಿ. ವಾಪಸ್ ವಿಮಾನದ ಹಿಂದಿನ ದಿನವೇ ನಾಂಡಿಗೆ ಮರಳಿ: ಸಮುದ್ರ ಕೆರಳಿದರೆ ದೋಣಿ ತಡವಾಗುತ್ತದೆ, ವಿಮಾನ ತಪ್ಪಿದರೆ ಸಿಂಗಪುರಕ್ಕೆ ಹೋಗುವ ಮುಂದಿನ ವಿಮಾನಕ್ಕೆ ಎರಡು ಮೂರು ದಿನ ಕಾಯಬೇಕಾಗಬಹುದು.